ನಗೆಗೆ ಸಿಗದ ತಪ್ಪುಗಳು

2024ರ ಜುಲೈನಲ್ಲಿ ಕೊಡಗಿನ ರಸ್ತೆ ಬದಿಯ ಫಲಕವೊಂದರ ಚಿತ್ರ ದೇಶವನ್ನೆಲ್ಲ ಸುತ್ತಿ ಬಂತು. ಫಲಕದ ಕನ್ನಡ ಸಾಲು ‘ಅವಸರವೇ ಅಪಘಾತಕ್ಕೆ ಕಾರಣ’. ಜೊತೆಗಿದ್ದ ಇಂಗ್ಲಿಷ್ ಸಾಲು ‘ಅರ್ಜೆಂಟ್ ಮೇಕ್ ಆ್ಯನ್ ಆ್ಯಕ್ಸಿಡೆಂಟ್’. ಬೇಗ ಒಂದು ಅಪಘಾತ ಮಾಡಿ ಮುಗಿಸಿ ಎಂದು ಇಲಾಖೆಯೇ ಅಪ್ಪಣೆ ಕೊಟ್ಟಂತಿತ್ತು. ಜನ ಹೊಟ್ಟೆ ತುಂಬ ನಕ್ಕರು, ಬರೆಸಿದವರ ಇಂಗ್ಲಿಷನ್ನು ಆಡಿಕೊಂಡರು. ಆದರೆ ಆ ಫಲಕ ನಂಬಿ ಕೆಟ್ಟವರು ಯಾರು? ಕನ್ನಡ ಬಲ್ಲವರಿಗೆ ಕನ್ನಡದ ಸಾಲು ಇತ್ತು. ಇಂಗ್ಲಿಷ್ ಬಲ್ಲವರಿಗೆ ನಗು ಬಂದದ್ದೇ ಸರಿಯಾದ ಅರ್ಥ ಹೊಳೆದದ್ದರಿಂದ. ನಾವು ನಕ್ಕು ಹಂಚಿಕೊಳ್ಳುವ ಅನುವಾದಗಳು ಬಹುಮಟ್ಟಿಗೆ ಇಂಥವೇ, ಯಾರಿಗೂ ಏನೂ ಮಾಡದವು. ಕೇಡು ಮಾಡಬಲ್ಲ ತಪ್ಪುಗಳು ಇನ್ನೊಂದು ದಿಕ್ಕಿನಲ್ಲಿ, ಇಂಗ್ಲಿಷಿನಿಂದ ಕನ್ನಡಕ್ಕೆ ಬರುವಾಗ ಆಗುತ್ತವೆ. ಅವುಗಳ ಚಿತ್ರ ಯಾರೂ ತೆಗೆಯುವುದಿಲ್ಲ. ನಗಬಲ್ಲವರು ಔಷಧಿ, ಸರಕುಗಳ ಪೊಟ್ಟಣದ ಮೇಲಿನ ಕನ್ನಡ ಭಾಗವನ್ನು ಓದುವುದಿಲ್ಲ, ಅದನ್ನೇ ನಂಬಿ ಓದುವವರಿಗೆ ಮೂಲದಲ್ಲಿ ಏನಿತ್ತೆಂದು ಗೊತ್ತಾಗುವುದಿಲ್ಲ.

ಕೊಡಗಿನ ಫಲಕದ ತಪ್ಪನ್ನು ಬರೆದವರ ದಡ್ಡತನ ಎಂದು ತಳ್ಳಿಹಾಕುವುದೂ ಸರಿಯಲ್ಲ. ‘ಅವಸರವೇ ಅಪಘಾತಕ್ಕೆ ಕಾರಣ’ ಎಂಬ ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲ. ಕನ್ನಡಕ್ಕೆ ಅದರ ಅಗತ್ಯವಿಲ್ಲ, ಇಂಗ್ಲಿಷ್ ವಾಕ್ಯ ಅದಿಲ್ಲದೆ ನಿಲ್ಲದು. ಎಲ್ಲಿಂದಲೋ ಒಂದು ಕ್ರಿಯಾಪದ ತಂದು ಕೂರಿಸಿದಾಗ ಕರ್ತೃ ಕಳೆದುಹೋಗಿ ಎಚ್ಚರಿಕೆ ಆಜ್ಞೆಯಾಯಿತು. ಮರುವರ್ಷ ಜಗತ್ತಿನ ದೊಡ್ಡ ಕಂಪನಿಯೊಂದು ಇಂಥದೇ ಗುಂಡಿಗೆ ಬಿತ್ತು. 2025ರ ಜುಲೈ 14ರಂದು ನಟಿ ಬಿ. ಸರೋಜಾದೇವಿ ತೀರಿಕೊಂಡರು. ಮುಖ್ಯಮಂತ್ರಿ ಸಿದ್ದರಾಮಯ್ಯ ಅಂತಿಮ ದರ್ಶನ ಪಡೆದ ಸುದ್ದಿ ಕನ್ನಡದಲ್ಲಿ ಪ್ರಕಟವಾಯಿತು. ಮೆಟಾ ಕಂಪನಿಯ ಯಂತ್ರ ತಾನಾಗಿಯೇ ಅದನ್ನು ಇಂಗ್ಲಿಷಿಗೆ ತಿರುಗಿಸಿ, ತೀರಿಕೊಂಡವರು ಮುಖ್ಯಮಂತ್ರಿ ಎಂದು ಓದುವಂತೆ ಮಾಡಿತು. ಮುಖ್ಯಮಂತ್ರಿಗಳು ನಿನ್ನೆ ನಿಧನರಾದ ನಟಿಯ ದರ್ಶನ ಪಡೆದರು ಎಂಬ ಬಗೆಯ ವಾಕ್ಯವನ್ನು ಕನ್ನಡಿಗರು ತಡವರಿಸದೆ ಓದುತ್ತೇವೆ. ‘ನಿಧನರಾದ’ ಎಂಬುದು ಮುಂದೆ ಬರುವ ನಾಮಪದಕ್ಕೆ ಸೇರಿದ್ದು, ಹಿಂದಿನದಕ್ಕಲ್ಲ ಎಂಬುದು ನಮಗೆ ಹಾಲು ಕುಡಿಯುವಾಗಲೇ ಬಂದ ತಿಳಿವಳಿಕೆ. ಗೌರವದ ಬಹುವಚನವಾದ್ದರಿಂದ ಆ ಪದ ಸತ್ತವರು ಗಂಡೋ ಹೆಣ್ಣೋ ಎಂಬ ಸುಳಿವನ್ನೂ ಕೊಡುವುದಿಲ್ಲ. ವಿವರಣೆ ಹಿಂದೆ ಬರುವ ಇಂಗ್ಲಿಷಿನ ಅಭ್ಯಾಸಕ್ಕೆ ಬಿದ್ದ ಯಂತ್ರ, ಕಣ್ಣಿಗೆ ಮೊದಲು ಬಿದ್ದ ಹೆಸರಿಗೆ ಸಾವನ್ನು ಅಂಟಿಸಿತು.

ಆ ತಪ್ಪು ಬೇಗ ಸರಿಹೋಯಿತು. ಮುಖ್ಯಮಂತ್ರಿಗಳ ಕಚೇರಿ ಪತ್ರ ಬರೆಯಿತು, ಮೆಟಾ ಕ್ಷಮೆ ಕೇಳಿ ದೋಷ ತಿದ್ದಿತು. ದೂರು ಕೊಟ್ಟವರು ಎರಡೂ ಭಾಷೆ ಬಲ್ಲವರು, ಅವರ ಮಾತಿಗೆ ತೂಕವೂ ಇತ್ತು. ಹಾಗಿಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕ ಲೋಕಸೇವಾ ಆಯೋಗದ ಪರೀಕ್ಷೆ ನೋಡಬೇಕು. 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ 2024ರ ಆಗಸ್ಟ್ 27ರಂದು ಪೂರ್ವಭಾವಿ ಪರೀಕ್ಷೆ ನಡೆಯಿತು. ಕನ್ನಡ ಪ್ರಶ್ನೆಗಳ ಅನುವಾದ ಎಷ್ಟು ಕೆಟ್ಟಿತ್ತೆಂದರೆ ಸರ್ಕಾರವೇ ಮರುಪರೀಕ್ಷೆಗೆ ಸೂಚಿಸಬೇಕಾಯಿತು. ಡಿಸೆಂಬರ್ 29ರ ಮರುಪರೀಕ್ಷೆಯಲ್ಲೂ ಅನುವಾದದ ತಪ್ಪುಗಳು ಕಾಣಿಸಿ ಅಭ್ಯರ್ಥಿಗಳು ಮತ್ತೆ ಬೀದಿಗಿಳಿದರು. ಕನ್ನಡದಲ್ಲೇ ಓದಿ ಕನ್ನಡದಲ್ಲೇ ಬರೆಯುವ ಹುಡುಗ ಹುಡುಗಿಯರಿಗೆ ಅದು ನಗುವ ವಿಷಯವಾಗಿರಲಿಲ್ಲ. ಪರೀಕ್ಷೆಯ ಕೊಠಡಿಯಲ್ಲಿ ಪ್ರಶ್ನೆ ಅರ್ಥವಾಗದೆ ಕುಳಿತವರು ಮೊದಲು ಅನುಮಾನಿಸುವುದು ತಮ್ಮ ಬುದ್ಧಿಯನ್ನೇ.

ಅಷ್ಟು ಸದ್ದೂ ಆಗದ ಜಾಗವೆಂದರೆ ಹೊಲ. ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆ ಹೋಬಳಿಯನ್ನೇ ತೆಗೆದುಕೊಳ್ಳಿ. ಕಾವೇರಿ ನಾಲೆಗಳ ನೀರು ಹರಿಯುವ, ಭತ್ತ ಕಬ್ಬು ಬೆಳೆಯುವ ಸೀಮೆ ಅದು. ಇಲ್ಲಿ ರೈತರು ಅತಿ ಎಚ್ಚರದಿಂದ ಓದಬೇಕಾದ ಬರಹ ಕೀಟನಾಶಕದ ಡಬ್ಬಿಯದು. 1971ರ ಕೀಟನಾಶಕ ನಿಯಮಗಳ ಪ್ರಕಾರ ಚೀಟಿ ಹಿಂದಿ, ಇಂಗ್ಲಿಷಿನ ಜೊತೆಗೆ ಆ ಪ್ರದೇಶದ ಒಂದೆರಡು ಭಾಷೆಗಳಲ್ಲೂ ಇರಬೇಕು. ಡಬ್ಬಿಯ ಮೇಲೆ ವಜ್ರಾಕಾರದ ಗುರುತೊಂದು ಇರುತ್ತದೆ: ಕೆಂಪು ಇದ್ದರೆ ಅತ್ಯಂತ ವಿಷಕಾರಿ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಬಣ್ಣ ಇಷ್ಟು ಹೇಳುವಾಗ ಮಾತೇಕೆ ಎಂದು ಕೇಳುವವರಿದ್ದಾರೆ. ವಿಷ ಎಷ್ಟು ಘೋರ ಎಂಬುದನ್ನು ಬಣ್ಣ ಹೇಳುತ್ತದೆ. ಒಂದು ಕ್ಯಾನಿಗೆ ಎಷ್ಟು ಬೆರೆಸಬೇಕು, ಹೊಡೆದ ಮೇಲೆ ಕೊಯ್ಲಿಗೆ ಎಷ್ಟು ದಿನ ಬಿಡಬೇಕು, ಮೈಮೇಲೆ ಬಿದ್ದರೆ ಏನು ಮಾಡಬೇಕು ಎಂಬುದನ್ನು ಮಾತೇ ಹೇಳಬೇಕು.

ಆ ಮಾತು ಎಡವುವುದು ಹೇಗೆಂದು ನೋಡಲು ಇಂಗ್ಲಿಷಿನ ‘ಅಪ್ಲೈ’ ಒಂದೇ ಸಾಕು. ಗೊಬ್ಬರ ಎರಚುವುದೂ ಅದೇ, ಮುಲಾಮು ಹಚ್ಚುವುದೂ ಅದೇ, ಬ್ರೇಕು ಹಾಕುವುದೂ, ಅರ್ಜಿ ಹಾಕುವುದೂ, ಕಾನೂನು ಅನ್ವಯಿಸುವುದೂ ಅದೇ. ಕನ್ನಡ ಪ್ರತಿಯೊಂದು ಕೆಲಸಕ್ಕೂ ಬೇರೆ ಮಾತು ಇಟ್ಟುಕೊಂಡಿದೆ. ಯಂತ್ರವೋ ಅವಸರದ ಅನುವಾದಕರೋ ನಿಘಂಟಿನ ಒಂದೇ ಅರ್ಥ ಹಿಡಿದಾಗ ‘ಗಾಯದ ಮೇಲೆ ತೆಳುವಾಗಿ ಅನ್ವಯಿಸಿ’ ಎಂಬಂಥ ವಾಕ್ಯ ಹುಟ್ಟುತ್ತದೆ. ಮುಲಾಮೂ ಒಂದು ಅಧಿನಿಯಮ ಆಗಿಬಿಡುತ್ತದೆ! ಇದು ನಗೆಯ ಮಟ್ಟದ್ದು. ಆದರೆ ‘ಬಳಸಬಹುದು’ ಮತ್ತು ‘ಬಳಸಬಾರದು’ ಎಂಬ ಎರಡು ಪದಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದರ ಜಾಗದಲ್ಲಿ ಇನ್ನೊಂದು ಬಿದ್ದರೆ ವಾಕ್ಯ ಎಲ್ಲೂ ಮುಗ್ಗರಿಸುವುದಿಲ್ಲ, ವ್ಯಾಕರಣ ಚೊಕ್ಕವಾಗಿಯೇ ಇರುತ್ತದೆ, ಸೂಚನೆ ಮಾತ್ರ ಉಲ್ಟಾ. ಬರ್ಲಿನ್ನಿನ ಆಸ್ಪತ್ರೆಯೊಂದರಲ್ಲಿ 2006-07ರಲ್ಲಿ ಹೀಗೆಯೇ ಆಯಿತು. ಕೃತಕ ಮಂಡಿಯ ಪೆಟ್ಟಿಗೆಯ ಮೇಲೆ ಇಂಗ್ಲಿಷಿನಲ್ಲಿ ಸಿಮೆಂಟ್ ಬಳಸಿ ಕೂರಿಸುವ ಬಗೆ ಎಂದಿತ್ತು. ಅದನ್ನು ಸಿಮೆಂಟ್ ಬೇಡದ್ದು ಎಂದು ತಪ್ಪಾಗಿ ತಿಳಿದು 47 ರೋಗಿಗಳಿಗೆ ಹಾಗೆಯೇ ಅಳವಡಿಸಿದರು. ಯಾರಿಗೂ ನಗು ಬರಲಿಲ್ಲ, ಅನುಮಾನವೂ ಬರಲಿಲ್ಲ.

ಊರ ಹೆಸರುಗಳದ್ದು ಸಣ್ಣ ವಿಷಯ, ಆದರೂ ಹೇಳಬೇಕು. ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮ ಲ-ಳ ಒಂದೇ, ಹ್ರಸ್ವ ದೀರ್ಘಗಳೂ ಒಂದೇ. ಅಲ್ಲಿಗೆ ಹೋಗಿ ಮರಳಿ ಕನ್ನಡಕ್ಕೆ ಬರುವ ಮೇಲುಕೋಟೆ ‘ಮೆಲುಕೊಟೆ’ ಆಗಿ ಬರಬಹುದು. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿಗೂ ಹಾಸನ ಜಿಲ್ಲೆಯ ಬೇಲೂರಿಗೂ ಇಂಗ್ಲಿಷಿನಲ್ಲಿ ಉಳಿಯುವುದು ಒಂದು ಅಕ್ಷರದ ಅಂತರ. ಕೆ.ಆರ್. ಪೇಟೆಯ ಕೊನೆಯ ಪದವನ್ನು ಯಂತ್ರ ಇಂಗ್ಲಿಷ್ ಎಂದು ಎಣಿಸಿದರೆ ಇಡೀ ಪಟ್ಟಣವೇ ಸಾಕುಪ್ರಾಣಿಯಾದೀತು.

ಯಂತ್ರಗಳು ದಿನೇದಿನೇ ಸುಧಾರಿಸುತ್ತಿವೆ, ಇನ್ನು ಕೆಲವೇ ವರ್ಷಗಳಲ್ಲಿ ಈ ಗೋಳು ಇರುವುದಿಲ್ಲ ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರ ಜೂನ್‌ನಲ್ಲಿ. ಅಂದಿನ ಕನ್ನಡಕ್ಕೂ ಇಂದಿನದಕ್ಕೂ ಅಜಗಜಾಂತರ, ನಿಜ. ಆದರೆ ಅಂದಿನ ಮುರುಕು ವಾಕ್ಯ ಕಂಡವರು ಅದನ್ನು ನಂಬುತ್ತಿರಲಿಲ್ಲ. ಇಂದಿನದು ನಯವಾಗಿದೆ, ಆದ್ದರಿಂದ ಇನ್ನೊಬ್ಬರ ಕೈಯಲ್ಲಿ ಓದಿಸಿ ನೋಡುವ ಕಷ್ಟವನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ವಾಕ್ಯ ಸುಲಲಿತವಾಗಿದೆ ಎಂಬುದು ಅದು ಸರಿಯಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಕಾನೂನೇ ದಾರಿ ಎನ್ನುವವರೂ ಇದ್ದಾರೆ. ಪೊಟ್ಟಣದ ಸರಕುಗಳ 2011ರ ಕೇಂದ್ರ ನಿಯಮಗಳಲ್ಲಿ ವಿವರಗಳು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರುವುದು ಕಡ್ಡಾಯ, ಉಳಿದ ಭಾಷೆಗಳು ಬೇಕಿದ್ದರೆ ಹೆಚ್ಚುವರಿಯಾಗಿ ಇರಬಹುದು, ಅಷ್ಟೆ. ಈ ಅನ್ಯಾಯಕ್ಕೆ ಉತ್ತರವೆಂಬಂತೆ, ರಾಜ್ಯದಲ್ಲಿ ತಯಾರಾಗಿ ಇಲ್ಲೇ ಮಾರಾಟವಾಗುವ ಸರಕಿನ ಹೆಸರು ಮತ್ತು ಬಳಸುವ ವಿಧಾನ ಕನ್ನಡದಲ್ಲೂ ಇರಬೇಕೆಂದು ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2022 ಹೇಳುತ್ತದೆ. ಇದು ಬೇಕು, ತಡವಾಗಿ ಬಂತು. ಆದರೂ ಕನ್ನಡ ಅಚ್ಚಾಗಿದೆಯೇ ಎಂದು ನೋಡುವ ಅಧಿಕಾರಿ, ಆ ಕನ್ನಡಕ್ಕೆ ಅರ್ಥವಿದೆಯೇ ಎಂದು ನೋಡುವುದಿಲ್ಲ. ವೇಲ್ಸ್ ದೇಶದಲ್ಲಿ ರಸ್ತೆ ಫಲಕಗಳು ಎರಡು ಭಾಷೆಯಲ್ಲಿರಬೇಕು. 2008ರಲ್ಲಿ ಸ್ವಾನ್ಸೀ ನಗರದ ಅಧಿಕಾರಿಗಳು, ಭಾರಿ ವಾಹನಗಳಿಗೆ ಪ್ರವೇಶವಿಲ್ಲ ಎಂಬ ಸಾಲನ್ನು ವೆಲ್ಷ್ ಭಾಷೆಗೆ ಮಾಡಿಕೊಡಲು ಅನುವಾದಕರಿಗೆ ಇಮೇಲ್ ಕಳಿಸಿದರು. ತಕ್ಷಣ ವೆಲ್ಷಿನಲ್ಲಿ ಉತ್ತರ ಬಂತು, ಅದನ್ನೇ ಫಲಕದ ಮೇಲೆ ಬರೆಸಿ ನಿಲ್ಲಿಸಿದರು. ಅದರ ಅರ್ಥ: ‘ನಾನು ಈಗ ಕಚೇರಿಯಲ್ಲಿಲ್ಲ, ಅನುವಾದದ ಕೆಲಸವಿದ್ದರೆ ಕಳಿಸಿ’. ನಿಯಮ ಚಾಚೂತಪ್ಪದೆ ಪಾಲನೆಯಾಗಿತ್ತು.

ಹಾಗಾದರೆ ಮಾಡಬೇಕಾದ್ದೇನು? ಚೀನಾ ಒಂದು ಉಪಾಯ ಮಾಡಿತು. ಅಲ್ಲಿನ ಇಂಗ್ಲಿಷ್ ಫಲಕಗಳನ್ನು ಕಂಡು ಪ್ರವಾಸಿಗರು ನಗುವುದು ಹೆಚ್ಚಾದಾಗ, ಸಾರಿಗೆ, ಆರೋಗ್ಯ ಮುಂತಾದ 13 ಕ್ಷೇತ್ರಗಳಿಗೆ 3,500ಕ್ಕೂ ಹೆಚ್ಚು ಸಿದ್ಧ ಅನುವಾದಗಳ ರಾಷ್ಟ್ರೀಯ ಮಾನದಂಡವನ್ನು 2017ರ ಡಿಸೆಂಬರ್ 1ರಿಂದ ಜಾರಿಗೆ ತಂದಿತು. ಹೊರಗಿನವರು ನಗಬಾರದೆಂದು ಅಷ್ಟು ಮಾಡಬಹುದಾದರೆ, ಒಳಗಿನವರು ಕೆಡಬಾರದೆಂದು ನಾವು ಅದರ ಕಾಲು ಭಾಗವಾದರೂ ಮಾಡಬಹುದು. ಕೀಟನಾಶಕ, ಔಷಧಿ, ಗ್ಯಾಸ್, ವಿದ್ಯುತ್ ಉಪಕರಣ ಇಷ್ಟಕ್ಕೆ ಮೊದಲು ಸಿದ್ಧ ಕನ್ನಡ ವಾಕ್ಯಗಳು ಬರಲಿ. ಅವನ್ನು ಅನುವಾದಿಸುವುದು ಬೇಡ, ಕನ್ನಡದಲ್ಲೇ ಬರೆಯಲಿ. ಮಂಡ್ಯದ ವಿ.ಸಿ. ಫಾರಂ ಕೃಷಿ ವಿಜ್ಞಾನಿಗಳಿಗೆ ವಿಷಯ ಗೊತ್ತು. ರೈತರು ಆಡುವ ಮಾತು ಹೋಬಳಿಯ ರೈತ ಸಂಪರ್ಕ ಕೇಂದ್ರದ ಸಿಬ್ಬಂದಿಗೆ ಗೊತ್ತು. ಈ ಸೀಮೆಯಲ್ಲಿ ಯಾರೂ ‘ಕೀಟನಾಶಕ ಸಿಂಪರಣೆ’ ಮಾಡುವುದಿಲ್ಲ, ಔಷಧಿ ಹೊಡೆಯುತ್ತಾರೆ. ಬರೆದದ್ದನ್ನು ನಾಲ್ಕು ಜನ ರೈತರ ಕೈಗೆ ಕೊಟ್ಟು, ಓದಿ ಏನು ಮಾಡುತ್ತೀರಿ ಹೇಳಿ ಎಂದು ಕೇಳಿದರೆ ತಪ್ಪು ಅಲ್ಲೇ ಬಯಲಾಗುತ್ತದೆ. ಖರ್ಚಿನ ಮಾತು ಬೇಡ. ಜಾಹೀರಾತಿನ ಕನ್ನಡವನ್ನು ಇದೇ ಕಂಪನಿಗಳು ಹತ್ತು ಸಲ ತಿದ್ದಿಸುತ್ತವೆ.

ಅಲ್ಲಿಯವರೆಗೆ ಓದುಗರು ಮಾಡಬಹುದಾದ ಕೆಲಸ ಒಂದಿದೆ. ಗ್ರಾಹಕರು ಯಾರಿಗೆ ದೂರು ಕೊಡಬೇಕು ಎಂಬ ಹೆಸರು, ವಿಳಾಸ, ಫೋನ್ ನಂಬರು ಪ್ರತಿ ಪೊಟ್ಟಣದ ಮೇಲೂ ಇರಬೇಕೆಂದು ಅದೇ 2011ರ ನಿಯಮ ಹೇಳುತ್ತದೆ. ಮನೆಗೆ ತಂದ ಡಬ್ಬಿಯ ಕನ್ನಡವನ್ನು ಒಮ್ಮೆ ಪೂರ್ತಿ ಓದಿ, ಅರ್ಥವಾಗದಿದ್ದರೆ ಆ ನಂಬರಿಗೆ ಕರೆ ಮಾಡಿ ಕನ್ನಡದಲ್ಲೇ ಕೇಳಿ. ಅವರು ಕಿವಿಗೆ ಹಾಕಿಕೊಳ್ಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಅಲ್ಲೂ ಕನ್ನಡದಲ್ಲಿ ಮಾತಾಡಬಹುದು.