ಕಾನೂನು ಕಾಲೇಜು ಆರಿಸುವ ಮುನ್ನ

"ಸರ್, ವಕೀಲಿ ಓದಿಸಲು ಲಕ್ಷಗಟ್ಟಲೆ ಬೇಕಲ್ಲ?" ಎಂದು ಐಗಳಿಯ ಪಾಲಕರು ಈ ವರ್ಷವೂ ಕೇಳಿದರು. ಬೇಕಿಲ್ಲ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಗೆ ಪ್ರವೇಶ ಪರೀಕ್ಷೆಯೂ ಉಂಟು, ಖರ್ಚೂ ಹೆಚ್ಚು. ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ ಪಿಯುಸಿ ಅಂಕಗಳ ಮೇಲೆಯೇ 5 ವರ್ಷದ ಕೋರ್ಸಿಗೆ ಸೀಟು ಸಿಗುತ್ತದೆ. ಸಾಮಾನ್ಯ ವರ್ಗಕ್ಕೆ ಶೇ. 45, ಹಿಂದುಳಿದವರಿಗೆ 42, ಪರಿಶಿಷ್ಟರಿಗೆ 40 ಅಂಕ ಸಾಕು. ಕಾಲೇಜು ಬೇರೆಯಾದರೂ ಪ್ರಶ್ನೆಪತ್ರಿಕೆ ಒಂದೇ, ಪದವಿಯೂ ಒಂದೇ.

ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜು 1939ರದು, ಹೆಸರಾದದ್ದು. ಆದರೆ ನಮಗೆ ವಿಜಯಪುರವೇ ಹತ್ತಿರ. ಅಲ್ಲಿ ಅಂಜುಮನ್ ಕಾನೂನು ಕಾಲೇಜಿದೆ. ಫೀ ಕಡಿಮೆ ಎಂದು ದೂರ ಹೋದರೆ ರೂಮು, ಊಟದಲ್ಲಿ ಆ ಉಳಿತಾಯ ಕರಗುತ್ತದೆ. ಹೆಣ್ಣುಮಕ್ಕಳ ಓದು ನಿಲ್ಲುವುದೂ ಹೆಚ್ಚಾಗಿ ಇಲ್ಲಿಯೇ.

ನನ್ನ ಶಿಷ್ಯನೊಬ್ಬ ಜಾಹೀರಾತು ನಂಬಿ ಒಂದು ಕಾಲೇಜು ಸೇರಿದ. ಭಾರತೀಯ ವಕೀಲರ ಪರಿಷತ್ತಿನ ಮಾನ್ಯತೆ ಅದಕ್ಕಿಲ್ಲವೆಂದು ತಿಳಿದದ್ದು ಎರಡನೆಯ ವರ್ಷ. ಮಾನ್ಯತೆ ಇಲ್ಲದ ಪದವಿಗೆ ಸನ್ನದು ಸಿಗದು. ಆದ್ದರಿಂದ ಮಾನ್ಯತಾ ಪತ್ರ ಕಣ್ಣಾರೆ ನೋಡಿ. ಕಾಯಂ ಅಧ್ಯಾಪಕರೆಷ್ಟು, ಅಣಕು ನ್ಯಾಯಾಲಯ ನಿಜವಾಗಿ ನಡೆಯುತ್ತದೆಯೇ, ಉತ್ತರ ಕನ್ನಡದಲ್ಲಿ ಬರೆಯಬಹುದೇ ಎಂದು ಅಂತಿಮ ವರ್ಷದ ಹುಡುಗರನ್ನೇ ಕೇಳಿ. ಕಚೇರಿಯವರಿಗಿಂತ ಅವರು ನೇರವಾಗಿ ಹೇಳುತ್ತಾರೆ.

ವಿದ್ಯಾರ್ಥಿವೇತನದ ಅರ್ಜಿಯೊಂದಿಗೆ ಆ ಪತ್ರದ ಪ್ರತಿ ಹಾಗೂ 5 ವರ್ಷದ ಫೀ ವಿವರ ಲಗತ್ತಿಸಿರಿ.