ದ್ರಾಕ್ಷಾಸೀಮೆಯಲ್ಲಿ ಕಾಲ್ನಡಿಗೆ

ಫ್ರಾನ್ಸಿನ ಬರ್ಗಂಡಿ ಸೀಮೆಯು ರೈಲಿನ ಕಿಟಕಿಯಿಂದ ನೋಡುವವರಿಗೆ ಬರಿಯ ಹಸುರು ಇಳಿಜಾರು. ನಡೆದು ನೋಡುವವರಿಗೆ ಅದರ ಅಂಗುಲ ಅಂಗುಲಕ್ಕೂ ಒಂದು ಹೆಸರುಂಟು.

ಬೋನ್ ಪಟ್ಟಣದಿಂದ ದಕ್ಷಿಣದ ಸಾಂತ್ನೆ ಗ್ರಾಮದವರೆಗೆ, ದ್ರಾಕ್ಷಿತೋಟಗಳ ನಡುವೆ, 20 ಕಿಲೋಮೀಟರಿಗೆ ತುಸು ಮಿಗಿಲಾದ ಹಾದಿಯೊಂದಿದೆ. ಮಾರ್ಗದರ್ಶಕನ ಹಂಗಿಲ್ಲ, ಕೈಯಲ್ಲೊಂದು ನಕಾಶೆಯಿದ್ದರೆ ಸಾಕು. ಹೊರೆಯನ್ನು ಮುಂದಿನ ತಂಗುದಾಣಕ್ಕೆ ಮೋಟಾರಿನಲ್ಲಿ ಸಾಗಿಸಿಕೊಡುವವರೂ ಉಂಟು. 1443ರಲ್ಲಿ ಸ್ಥಾಪಿತವಾದ ಧರ್ಮಾಸ್ಪತ್ರೆಯ ಬಣ್ಣದ ಹೆಂಚುಗಳನ್ನು ಬೋನ್‌ನಲ್ಲಿ ಕಣ್ತುಂಬಿಕೊಂಡು ಹೊರಟ ಪಾದಚಾರಿಗೆ ಪೊಮಾರ್, ವೋಲ್ನೆ, ಮೊರ್ಸೋ ಗ್ರಾಮಗಳು ಒಂದರ ಹಿಂದೊಂದು ಎದುರಾಗುತ್ತವೆ.

ಕೆಂಪು ಮದ್ಯಕ್ಕೆ ಪಿನೊ ನ್ವಾರ್, ಬಿಳಿಯದಕ್ಕೆ ಶಾರ್ಡನೇ: ಬಳ್ಳಿಯ ಜಾತಿ ಬಹುಮಟ್ಟಿಗೆ ಇವೆರಡೇ. ಆದರೂ ಮಣ್ಣು, ಇಳಿಜಾರು, ಬಿಸಿಲುಗಳ ಅಲ್ಪ ಭೇದದಿಂದಲೇ ಒಂದು ಮೋಟುಗೋಡೆಯ ಆಚೆಗೆ ಮದ್ಯದ ಹೆಸರೂ ಬೆಲೆಯೂ ಬದಲಾಗುತ್ತವೆ! 'ಕ್ಲಿಮಾ' ಎನಿಸಿಕೊಳ್ಳುವ ಇಂಥ 1,247 ತುಂಡುಭೂಮಿಗಳು 2015ರಲ್ಲಿ ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು.

ಈಗ ಗಂಡಾಂತರ ಬಂದಿರುವುದು ಈ ಸೂಕ್ಷ್ಮಕ್ಕೇ. ಬೋನ್‌ನ ಕೊಯ್ಲಿನ ದಿನಗಳ ದಾಖಲೆ 1354ರಿಂದಲೂ ದೊರೆಯುತ್ತದೆ. ವಿದ್ವಾಂಸರು ಅದನ್ನು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 1987ರವರೆಗೆ ಸರಾಸರಿ ಸೆಪ್ಟೆಂಬರ್ 28ಕ್ಕೆ ತೊಡಗುತ್ತಿದ್ದ ಕೊಯ್ಲು ಅನಂತರ 13 ದಿನ ಹಿಂದಕ್ಕೆ ಸರಿದು ಮಧ್ಯ ಸೆಪ್ಟೆಂಬರಿಗೇ ಬಂದಿದೆ. 2003ರ ಬೇಗೆಯಲ್ಲಂತೂ ಆಗಸ್ಟಿನಲ್ಲೇ ಕತ್ತರಿ ಹಿಡಿಯಬೇಕಾಯಿತು. ತಾಪ ಏರಿದಂತೆ ಹಣ್ಣಿನಲ್ಲಿ ಸಕ್ಕರೆ ಹೆಚ್ಚಿ ಹುಳಿ ತಗ್ಗುತ್ತದೆ. ಗೋಡೆಯ ಈಚೆ ಆಚೆಗಳ ರುಚಿಭೇದ ಇನ್ನೆಷ್ಟು ಕಾಲ ನಿಂತೀತು?

ಹಳೆಯ ಪ್ರವಾಸಗ್ರಂಥವನ್ನು ನಂಬಿ, ಸುಗ್ಗಿಯ ಸಂಭ್ರಮ ಕಾಣಲೆಂದು ಸೆಪ್ಟೆಂಬರಿನ ಕೊನೆಗೆ ಹೋದ ಪಾದಚಾರಿಗೆ ಎಷ್ಟೋ ವರ್ಷ ಸಿಗುವುದು ಗೊಂಚಲು ಕಳೆದ ಬಳ್ಳಿಗಳು. ಕೊಯ್ಲಿನವರು ಆಗಲೇ ಊರಿಗೆ ಹೊರಟುಹೋಗಿರುತ್ತಾರೆ.