ಸಿಲ್ಟ್ ದ್ವೀಪದ ಗುಲಾಬಿ: ಹಣ್ಣು ಹಿತ, ಬೇರು ಅಹಿತ

ಜರ್ಮನಿಯ ಹ್ಯಾಂಬರ್ಗ್ ನಗರದಿಂದ ಸುಮಾರು ಮೂರು ಗಂಟೆಗಳ ರೈಲು ಪ್ರಯಾಣ. ಕೊನೆಯಲ್ಲಿ ಸಮುದ್ರದ ನಡುವೆ ಕಟ್ಟಿದ 11 ಕಿಲೋಮೀಟರ್ ಉದ್ದದ ಒಡ್ಡನ್ನು ದಾಟಿದರೆ ಸಿಲ್ಟ್ ದ್ವೀಪ. ಆಗಸ್ಟ್ ತಿಂಗಳಲ್ಲಿ ಬಂದವರ ಕಣ್ಣಿಗೆ ಮೊದಲು ಬೀಳುವುದು ಮರಳದಿಬ್ಬಗಳ ಮೇಲೆ ಹಬ್ಬಿದ ಗುಲಾಬಿ ಪೊದೆಗಳು. ಅವುಗಳಲ್ಲಿ ಪುಟ್ಟ ಟೊಮೆಟೊಗಳಂತಹ ಕೆಂಪು ಹಣ್ಣುಗಳು. ಊರಿನಿಂದ ಬಂದಿದ್ದ ಅಮ್ಮ ಹೂವೊಂದನ್ನು ಮೂಸಿ ಆಡಿದ ಮೊದಲ ಮಾತು: “ಇದರಲ್ಲಿ ಗುಲ್ಕನ್ ಮಾಡಬಹುದಲ್ಲೋ!”

ಅಮ್ಮನ ಊಹೆ ಸರಿಯೇ. ಜಪಾನ್, ಕೊರಿಯಾ, ಈಶಾನ್ಯ ಚೀನಾದ ಕಡಲತೀರಗಳು ಈ ಗಿಡದ ತವರು. ಚೀನಾದ ಸಾಂಪ್ರದಾಯಿಕ ವೈದ್ಯದಲ್ಲಿ ಇದರ ಒಣಮೊಗ್ಗು ಔಷಧ. ಸಕ್ಕರೆ ಬೆರೆಸಿದ ಎಸಳು ಸಿಹಿತಿಂಡಿಯ ಹೂರಣ. 18ನೆಯ ಶತಮಾನದ ಕೊನೆಯಲ್ಲಿ ಅಲಂಕಾರದ ಗಿಡವಾಗಿ ಯುರೋಪಿಗೆ ಬಂದ ಇದನ್ನು, ಉಪ್ಪುಗಾಳಿಗೂ ಬಗ್ಗದೆಂದು ಕಂಡು, ಮರಳನ್ನು ಹಿಡಿದಿಡಲು ತೀರಗಳಲ್ಲಿ ನೆಟ್ಟರು. ನಮ್ಮ ಕರಾವಳಿಯಲ್ಲಿ ಗಾಳಿಮರ ನೆಟ್ಟ ಹಾಗೆಯೇ.

ಈಗ ಇದರ ಹೆಸರೇ ‘ಸಿಲ್ಟ್ ಗುಲಾಬಿ’. ಹೊರಗಿನಿಂದ ಬಂದದ್ದಕ್ಕೆ ಊರಿನ ಹೆಸರೇ ದಕ್ಕಿತಲ್ಲ ಎಂದು ವಲಸಿಗನಾದ ನನಗೆ ಮೊದಮೊದಲು ಸಂತೋಷವೇ ಆಗಿತ್ತು. ದಿಬ್ಬಗಳನ್ನು ಹತ್ತಿರದಿಂದ ನೋಡಿದ ಮೇಲೆ ಅದು ಉಳಿಯಲಿಲ್ಲ. ಈ ಪೊದೆಯ ನೆರಳಿನಲ್ಲಿ ಬೇರೇನೂ ಬೆಳೆಯದು. ಬಿಳಿಯ ಹೂವಿನ, ಕಪ್ಪು ಹಣ್ಣಿನ ಸ್ಥಳೀಯ ಗುಲಾಬಿಗೂ ಜಾಗ ತಪ್ಪುತ್ತಿದೆ. ಬೀಜಗಳನ್ನು ಹಕ್ಕಿಗಳು ಒಯ್ಯುತ್ತವೆ, ಸಮುದ್ರದ ನೀರೂ ತೇಲಿಸಿಕೊಂಡು ಹೋಗುತ್ತದೆ. ಅಗೆದು ತೆಗೆದರೂ ಉಳಿದ ಬೇರಿನ ತುಂಡು ಮತ್ತೆ ಚಿಗುರುತ್ತದೆ.

ಹಾಗಾದರೆ ತಿಂದು ಮುಗಿಸಬಾರದೇ? ಹಣ್ಣು ಕಿತ್ತರೆ ಬೀಜ ಕಡಿಮೆಯಾದೀತು; ಬೇರಿಗೆ ಏನೂ ಆಗದು. ಆದರೂ ಹಣ್ಣು ಬಿಡುವಂಥದ್ದಲ್ಲ. ಅದರಲ್ಲಿ ವಿಟಮಿನ್ ಸಿ ಹೇರಳ. ಕುದಿಸಿದರೆ ಒಂದಷ್ಟು ನಷ್ಟವಾಗುತ್ತದೆ. ಗುಲಾಬಿ ಹಣ್ಣಿಗೆ ಜರ್ಮನ್ನರು ‘ಹಾಗೆಬುಟ್ಟೆ’ ಎನ್ನುತ್ತಾರೆ. ಅದರ ಚಹಾ, ಜಾಮ್ ಇಲ್ಲಿನ ಅಂಗಡಿಗಳಲ್ಲಿ ಸಾಮಾನ್ಯ. ಮನೆಯಲ್ಲಿ ಮಾಡುವವರು ಹಣ್ಣನ್ನು ಸೀಳಿ, ಬೀಜ ಮತ್ತು ಒಳಗಿನ ಸಣ್ಣ ರೋಮಗಳನ್ನು ಚಮಚದಿಂದ ಕೆರೆದು, ಬೇಯಿಸಿದ ತಿರುಳನ್ನು ಬಟ್ಟೆಯಲ್ಲಿ ಸೋಸಬೇಕು. ಆ ರೋಮ ತಗುಲಿದರೆ ನಸುಗುನ್ನಿಯ ನೆನಪಾಗುವಷ್ಟು ತುರಿಕೆ! ನಾನು ಕೈಗವಸಿಲ್ಲದೆ ಕೆರೆದು ಸಂಜೆಯಿಡೀ ಅನುಭವಿಸಿದೆ.

ಹೊಸದಾಗಿ ಬರುವವರು ಇನ್ನೊಂದನ್ನು ತಿಳಿದಿರಬೇಕು. ಪ್ರವೇಶ ನಿಷೇಧವಿಲ್ಲದ ಜಾಗದಲ್ಲಿ ಸ್ವಂತ ಬಳಕೆಗೆ ಸ್ವಲ್ಪ ಕಾಡುಹಣ್ಣು ಕೀಳಲು ಜರ್ಮನಿಯ ಕಾನೂನಿನ ಒಪ್ಪಿಗೆಯಿದೆ. ಸಂರಕ್ಷಿತ ಮರಳದಿಬ್ಬಗಳಲ್ಲಿ ಕಾಲುದಾರಿ ಬಿಟ್ಟು ಹೋಗುವಂತಿಲ್ಲ. ಹಣ್ಣು ಎಷ್ಟೇ ಕೆಂಪಗಿದ್ದರೂ ದಾರಿಯಂಚಿನಲ್ಲೇ ನಿಲ್ಲಬೇಕು.

ಹೊರಡುವ ಹಿಂದಿನ ದಿನ ಅಮ್ಮ ಒಂದು ಹಿಡಿ ಬೀಜ ಒಣಗಿಸಿ ಕಾಗದದಲ್ಲಿ ಕಟ್ಟಿಟ್ಟಿದ್ದರು, ಹಿತ್ತಿಲಲ್ಲಿ ಹಾಕಲು. ಅನುಮತಿಯಿಲ್ಲದೆ ಬೀಜ ಒಯ್ಯುವಂತಿಲ್ಲವೆಂದು ಹೇಳಿ ಪೊಟ್ಟಣವನ್ನು ತೆಗೆದಿಟ್ಟೆ. ಮುಖ ಸಣ್ಣದಾಯಿತು. ಬದಲಿಗೆ ಅಂಗಡಿಯ ಜಾಮ್ ಬಾಟಲಿಯೊಂದನ್ನು ಪೆಟ್ಟಿಗೆಯಲ್ಲಿಟ್ಟೆ. ಊರಿಗೆ ತಲುಪಿ ಫೋನ್ ಮಾಡಿದರು: “ದೋಸೆಗೆ ಚೆನ್ನಾಗಿದೆ, ಆದರೆ ಸ್ವಲ್ಪ ಹುಳಿ.”